ಹಿಂದಿನ ಸಾಲಿನ ಕೈ

"ನನಗೆ ತಲೆ ಕೆಟ್ಟಿದೆಯೋ ಇಲ್ವೋ, ಅಷ್ಟು ಹೇಳಿಬಿಡಿ ಸಾಕು," ಎಂದರು ಆ ಅಮ್ಮ, ಕುರ್ಚಿಯಲ್ಲಿ ಕೂರುವ ಮೊದಲೇ. "ಶನಿವಾರದೊಳಗೆ ಗೊತ್ತಾಗ್ಬೇಕು. ಶನಿವಾರ ಮಗಳು ನನ್ನನ್ನ ಆರೈಕೆ ಮನೆಗೆ ಸೇರಿಸ್ತಾಳೆ."

ಅಂದು ಮಂಗಳವಾರ. ನಮ್ಮ ರಿಪೇರಿ ಅಂಗಡಿ ಸಭಾಂಗಣದ ಬೆನ್ನಿಗೆ ಅಂಟಿಕೊಂಡಿರುವ ಒಂದೂವರೆ ಕೋಣೆ. ಒಂದರಲ್ಲಿ ಕೆಲಸ, ಉಳಿದರ್ಧದಲ್ಲಿ ಅಂಗಡಿಯ ಒಡತಿ ಮೈಕಕ್ಕನ ವಾಸ. ಕೋರ್ಟಿನ ಸಾಕ್ಷಿಕಟ್ಟೆಯ ಮೈಕು, ಆಸ್ಪತ್ರೆಯಲ್ಲಿ ಟೋಕನ್ ಕೂಗುವ ಸ್ಪೀಕರು, ಶಾಲೆಯ ಪ್ರೊಜೆಕ್ಟರು, ಎಲ್ಲಿ ಯಾರ ದನಿ ಕೆಟ್ಟರೂ ಕೊನೆಗೆ ಬರುವುದು ನಮ್ಮ ಮೇಜಿಗೆ. ದನಿಯ ಬೆನ್ನಿಗೇ ಜನರ ಗುಟ್ಟುಗಳೂ ಬರುತ್ತವೆ. ಕಳೆದುಹೋದದ್ದನ್ನು ಹುಡುಕಿಸಲು ಜನ ಮೈಕಕ್ಕನ ಹತ್ತಿರ ಬರುವುದು ಯಾವಾಗ ಶುರುವಾಯಿತೋ ನನಗೆ ನೆನಪಿಲ್ಲ. ನಾನು ಅವಳ ಜೊತೆ ಕೇಬಲ್ ಸುತ್ತುತ್ತ, ಸ್ಟ್ಯಾಂಡ್ ಹೊರುತ್ತ, ಬೈಸಿಕೊಳ್ಳುತ್ತ ಮೂವತ್ತು ವರ್ಷ ಕಳೆದವನು.

ಬಂದ ಅಮ್ಮನನ್ನು ನಾವಿಬ್ಬರೂ ಬಲ್ಲೆವು. ಈ ಸಭಾಂಗಣದ ಧ್ವನಿಯನ್ನು ಜೀವಮಾನವಿಡೀ ನೋಡಿಕೊಂಡ ಮಾಸ್ತರ ಹೆಂಡತಿ. ಮಾಸ್ತರು ತೀರಿಹೋಗಿ ಎರಡು ವರ್ಷವಾಗಿತ್ತು. ಅವರನ್ನು ಮಾಸ್ತರೆಂದಂತೆ ಇವರನ್ನು ಎಲ್ಲರೂ ಮಾಸ್ತರಮ್ಮ ಎನ್ನುತ್ತಿದ್ದರು.

"ಮೂರು ತಿಂಗಳಿಂದ ನಮ್ಮವರು ನನ್ನ ಹತ್ರ ಮಾತಾಡ್ತಿದಾರೆ," ಎಂದರು ಮಾಸ್ತರಮ್ಮ, ಬಾಗಿಲ ಕಡೆ ಒಮ್ಮೆ ನೋಡಿ, ಮೆಲ್ಲಗೆ.

"ಏನಂದ್ರಿ?" ಎಂದೆ ನಾನು. ಮೈಕಕ್ಕ ನನ್ನ ಅಂಗಿಯ ಜೇಬನ್ನು ದುರುಗುಟ್ಟಿಕೊಂಡು ನೋಡಿದಳು. ಆ ಜೇಬಿನಲ್ಲಿ ವರ್ಷದಿಂದ ಒಂದು ಕಿವಿಯಂತ್ರ ಡಬ್ಬಿಯಲ್ಲೇ ಕೂತಿದೆ. ಡಾಕ್ಟರು ಕೊಟ್ಟದ್ದು, ನಾನು ಹಾಕಿಕೊಳ್ಳದ್ದು. ಅದರ ಕಾರಣ ಆಮೇಲೆ ಹೇಳುತ್ತೇನೆ.

ಮಾಸ್ತರಮ್ಮ ದನಿ ಎತ್ತರಿಸಿ ಹೇಳಿದರು. ಗುರುವಾರಗಳಂದು ಸಭಾಂಗಣದಲ್ಲಿ ನಾಲ್ಕಕ್ಕೆ ಕಾರ್ಯಕ್ರಮ. ಮಾಸ್ತರು ಮೂರಕ್ಕೆ ಬಂದು ಧ್ವನಿ ತಪಾಸಣೆ ಮಾಡುತ್ತಿದ್ದರು. ನಮ್ಮ ಕಸುಬಿನಲ್ಲಿ ಅದಕ್ಕೊಂದು ರೂಢಿಯಿದೆ: ಒಬ್ಬರು ಮೈಕಿನಲ್ಲಿ "ಹಿಂದಿನ ಸಾಲು, ಕೇಳಿಸ್ತಾ?" ಎಂದು ಕೇಳಬೇಕು, ಹಿಂದಿನ ಸಾಲಿನಲ್ಲಿ ಕೂತ ಇನ್ನೊಬ್ಬರು ಕೈ ಎತ್ತಬೇಕು. ಕೊನೆಕೊನೆಗೆ ಕೈ ಎತ್ತುವ ಕೆಲಸ ಮಾಸ್ತರಮ್ಮನದೇ ಆಗಿತ್ತು. ಅವರು ಹೋದ ಮೇಲೂ ಈಕೆ ಮೂರಕ್ಕೇ ಬಂದು ಹಿಂದಿನ ಸಾಲಿನಲ್ಲಿ ಕೂರುವುದನ್ನು ಬಿಡಲಿಲ್ಲ.

"'ಒಂದು, ಎರಡು, ಮೂರು' ಅಂತಾರೆ," ಎಂದರು ಮಾಸ್ತರಮ್ಮ. "ಆಮೇಲೆ ಕೆಮ್ಮು. ಆಮೇಲೆ 'ಹಿಂದಿನ ಸಾಲು, ಕೇಳಿಸ್ತಾ?' ನಾನು ಕೈ ಎತ್ತೀನಿ. ಸ್ವಲ್ಪ ತಡೆದು 'ಕೈ ಕಂಡ್ತು' ಅಂತಾರೆ."

ಮೈಕಕ್ಕ ಬೆಸುಗೆ ಕಡ್ಡಿಯನ್ನು ಕೆಳಗಿಟ್ಟಳು. "ಪ್ರತಿ ಸಲವೂ ಅದೇ ಕೆಮ್ಮಾ?"

"ಅದೇ. ಕೊನೇಲಿ ದನಿ ತಗ್ಗಿಸಿ ಇನ್ನೊಂದು ಮಾತು. 'ಅವನ ಕೈ ಹದವಾಗಿದೆ, ನನ್ನನ್ನೂ ಮೀರಿಸ್ತಾನೆ. ಎದುರಿಗೆ ಹೇಳಿದ್ರೆ ಕೆಟ್ಟುಹೋಗ್ತಾನೆ.' ಯಾರ ವಿಷಯಾನೋ! ಬದುಕಿದ್ದಾಗ ನನ್ನ ಹತ್ರ ಈ ಮಾತು ಆಡಿದೋರೇ ಅಲ್ಲ."

"ದನಿ ಯಾವ ಕಡೆಯಿಂದ ಬರುತ್ತೆ?"

"ಯಾವ ಕಡೆಯಿಂದಾನೂ ಅಲ್ಲ. ಕಿವಿ ಒಳಗೇ." ಮಾಸ್ತರಮ್ಮ ತಮ್ಮ ಕಿವಿಯಂತ್ರವನ್ನು ಮುಟ್ಟಿಕೊಂಡರು. "ಇದನ್ನ ಹಾಕ್ಕೊಂಡು ಆರು ತಿಂಗಳಾಯ್ತು. ಹಾಲಿನ ಬಾಗಿಲಲ್ಲಿ ಕಿವಿಯ ಚಿತ್ರ ಇದೆಯಲ್ಲ, ಅಂಥ ಕಡೆ ಈ ಗುಂಡಿ ಒತ್ತಿ ಅಂದಿದ್ರು ಡಾಕ್ಟ್ರು. ಒಳಗೆ ಹೋಗ್ತಾ ಒತ್ತೀನಿ. ನೋಡಿ, ನಾನೇನು ದಡ್ಡಿ ಅಲ್ಲ. ಯಾರೋ ಟೇಪ್ ಹಾಕ್ತಿದಾರೆ ಅಂತ್ಲೇ ಅಂದ್ಕೊಂಡೆ. ನಮ್ಮವರು ಕೆಲಸದ ಕೊನೇ ದಿನದ ತಪಾಸಣೇನ ಟೇಪಿಗೆ ಹಿಡಿದಿದ್ರು. ಆ ಸುರುಳಿ ನನಗೆ ತೆಗೆದಿಡ್ತೀನಿ ಅಂದಿದ್ರು ಮ್ಯಾನೇಜರು. ಕೇಳೋಕೆ ಹೋದ್ರೆ ಡಬ್ಬಿ ಕೊಟ್ರು. ಮೇಲೆ 'ಹಿಂದಿನ ಸಾಲು' ಅಂತ ಅವರದೇ ಅಕ್ಷರ. ಒಳಗೆ ಖಾಲಿ."

"ಮತ್ತೆ ಅನುಮಾನ ಯಾಕೆ ಬಂತು?"

"ಹೋದ ತಿಂಗಳು ಮಗಳು ನನ್ನ ಪಕ್ಕದಲ್ಲೇ ಕೂತಿದ್ಲು. ಅವಳಿಗೆ ಒಂದಕ್ಷರಾನೂ ಕೇಳಿಸ್ಲಿಲ್ಲ. ಖಾಲಿ ಹಾಲಲ್ಲಿ ಅಮ್ಮ ಯಾರಿಗೋ ಕೈ ಎತ್ತಿದ್ದು ಮಾತ್ರ ಕಾಣಿಸ್ತು. ದಾರಿಯುದ್ದಕ್ಕೂ ಅತ್ಕೊಂಡೇ ಕಾರು ಓಡಿಸಿದ್ಲು." ಅವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. "ನಿಜ ಹೇಳಿ. ಸಮಾಧಾನದ ಮಾತು ಬೇಡ. ಅವರ ದನಿ ಇಲ್ಲ ಅಂದ್ರೆ ನಾನು ಆರೈಕೆ ಮನೆಗೂ ತಯಾರು. ಇದ್ದೂ ಬಿಟ್ಟುಹೋಗು ಅಂದ್ರೆ ಮಾತ್ರ ಆಗಲ್ಲ."

ಅವರು ಹೋದ ಮೇಲೆ ನಾನು ಬುದ್ಧಿವಂತಿಕೆ ತೋರಿಸಿದೆ. "ಆ ಹಾಲಿನ ನೆಲದಡಿ ಕಿವಿಯಂತ್ರದವರಿಗೆ ಅಂತ ತಂತಿ ಹಾಸಿದೆ. ಗುಂಡಿ ಒತ್ತಿದ್ರೆ ಸ್ಪೀಕರಿನ ಶಬ್ದ ನೇರ ಕಿವಿಯಂತ್ರಕ್ಕೆ ಬರುತ್ತೆ, ನಿಜ. ಆದ್ರೆ ತಂತಿಗೆ ಹೋಗೋದು ಸ್ಪೀಕರಿಗೆ ಹೋಗೋ ಶಬ್ದವೇ. ಸ್ಪೀಕರ್ ಸುಮ್ಮನಿದ್ರೆ ತಂತಿಯೂ ಮೂಕ. ಪಾಪ, ಆಸೆ ಜಾಸ್ತಿಯಾದ್ರೆ ಕಿವಿ ಏನು ಬೇಕಾದ್ರೂ ಕೇಳುತ್ತೆ."

"ಕಿವಿ ವಿಷಯದಲ್ಲಿ ನೀನು ಮಾತಾಡ್ಬೇಡ," ಎಂದಳು ಮೈಕಕ್ಕ.

ಬುಧವಾರ ಬೆಳಗ್ಗೆ ಸಭಾಂಗಣಕ್ಕೆ ಹೋದೆವು. ಮ್ಯಾನೇಜರು ಬಾಗಿಲಲ್ಲೇ ಸಿಕ್ಕರು. ಸುರುಳಿಯ ಮಾತೆತ್ತಿದ್ದೇ ತಡ, "ನಾನು ಗುಜರಿಗೆ ಹಾಕಿಲ್ಲ! ಅದೊಂದನ್ನ ಹಾಕಿಲ್ಲ!" ಎಂದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಕೆದಕಿದಾಗ ಹೊರಬಿದ್ದದ್ದು ಇಷ್ಟು: ಮೂರು ತಿಂಗಳ ಹಿಂದೆ ಮೈಕುಗಳನ್ನೆಲ್ಲ ಹದಮಾಡುವ ಹೊಸ ಧ್ವನಿಮೇಜು ಬಂದಾಗ ಜಾಗ ಬೇಕೆಂದು ಹಳೆಯ ಟೇಪುಗಳನ್ನೆಲ್ಲ ಗುಜರಿಗೆ ಕಳಿಸಿದ್ದರು. ಮಾಸ್ತರಮ್ಮನಿಗೆ ಮಾತು ಕೊಟ್ಟಿದ್ದರಿಂದ ಆ ಒಂದು ಡಬ್ಬಿಯನ್ನು ತಮ್ಮ ಕೈಯಾರೆ ಕಂಟ್ರೋಲ್ ರೂಮಿನ ಕಪಾಟಿನಲ್ಲಿ ಇಟ್ಟಿದ್ದರು.

"ಅವರ ಮಗಳು ಬಂದಿದ್ರು," ಎಂದೂ ಸೇರಿಸಿದರು. "ಅಮ್ಮನನ್ನ ಇನ್ನು ಒಳಗೆ ಬಿಡ್ಬೇಡಿ ಅಂತ ಕೇಳ್ಕೊಂಡ್ರು. ಟೇಪು ಎಲ್ಲಿಟ್ಟಿದೀರ ಅಂತಾನೂ ಕೇಳಿದ್ರು."

ನಾನು ಮೈಕಕ್ಕನ ಕಡೆ ಅರ್ಥಗರ್ಭಿತವಾಗಿ ನೋಡಿದೆ. ಅವಳು ನನ್ನನ್ನು ಲೆಕ್ಕಿಸದೆ ಬಾಗಿಲ ಪಕ್ಕದ ದೂರು ಪುಸ್ತಕವನ್ನು ತಿರುವುತ್ತಿದ್ದಳು. ಒಂದು ಪುಟದಲ್ಲಿ ಬೆರಳಿಟ್ಟು ನನಗೆ ಓದಲು ಹೇಳಿದಳು. ಬರೆದವರು ನಿವೃತ್ತ ಅಂಚೆಯವರು: "ನಾನು ಕಿವಿಯಂತ್ರ ಬಳಸುವವನು. ಕಳೆದ ಎರಡು ತಿಂಗಳಿಂದ ನಾಟಕದ ನಡುವೆ ಮಾತು ಮಾಯವಾಗಿ ಪಾತ್ರಧಾರಿಗಳ ಕಾಲ ಸಪ್ಪಳ ಮಾತ್ರ ಕೇಳಿಸುತ್ತಿದೆ. ಹೋದ ವಾರ ಉಪನ್ಯಾಸದ ದನಿ ಹೋಗಿ ಅಧ್ಯಕ್ಷರು ನೀರು ಕುಡಿಯುವ ಸದ್ದು ಬಂತು. ದಯವಿಟ್ಟು ಸರಿಪಡಿಸಿ."

"ಅಂಚೆಯವರ ಯಂತ್ರ ಕೆಟ್ಟಿದೆ," ಎಂದು ನಾನು ತೀರ್ಪು ಕೊಟ್ಟೆ.

ಕಂಟ್ರೋಲ್ ರೂಮು ಬಾಲ್ಕನಿಯ ಕೆಳಗೆ, ನಾಲ್ಕು ಮೆಟ್ಟಿಲ ಮೇಲಿನ ಗಾಜಿನ ಗೂಡು. ಅಲ್ಲಿ ಆಪರೇಟರು ಮೇಜಿನ ಮೈಕಿನ ಕತ್ತು ತಿರುಗಿಸುತ್ತ ಕೂತಿದ್ದರು. ನಲವತ್ತು ದಾಟಿದ, ಅಳೆದು ತೂಗಿ ಮಾತಾಡುವ ಮನುಷ್ಯ. ಮಾಸ್ತರ ಕೈಕೆಳಗೆ ಹದಿನೈದು ವರ್ಷ ಕಲಿತವರು. ಮೂಲೆಯಲ್ಲಿ ಹಳೆಯ ಸುರುಳಿ ಯಂತ್ರ ಒಂದು ಮುದುಕನ ಹಾಗೆ ಗೋಡೆಗೊರಗಿತ್ತು.

"ಇದು ಓಡುತ್ತಾ?" ಎಂದು ಕೇಳಿದಳು ಮೈಕಕ್ಕ.

"ಅದಾ? ಸತ್ತು ಹತ್ತು ವರ್ಷ ಆಯ್ತು," ಎಂದು ಆಪರೇಟರು ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಸರಿಸಿದರು. "ಸುರುಳಿ ವಿಷಯ ನನಗೂ ಗೊತ್ತಿಲ್ಲ ಅಕ್ಕ. ಇಲ್ಲಿಗೆ ನೂರು ಜನ ಬಂದು ಹೋಗ್ತಾರೆ."

ಕಪಾಟು, ಕಿಟಕಿ, ಮೇಜಿನ ಹಿಂಬದಿಯ ಕೇಬಲ್ಲುಗಳ ಗೋಜಲು, ಎಲ್ಲವನ್ನೂ ಅವಳು ಕಣ್ಣಲ್ಲೇ ಗುಡಿಸಿದಳು. ಕೊನೆಗೆ ಕಸದ ಬುಟ್ಟಿಯ ಮುಂದೆ ಬಗ್ಗಿ ನಿಂತಳು. ಅದರಲ್ಲಿ ಏಳೆಂಟು ಹತ್ತಿಕಡ್ಡಿಗಳಿದ್ದವು, ತುದಿ ತುಕ್ಕಿನ ಬಣ್ಣ. ಥೂ, ಎಷ್ಟು ಗಲೀಜು ಕಿವಿಯಪ್ಪಾ ಈ ಮನುಷ್ಯನದು, ಎಂದುಕೊಂಡೆ.

ಹೊರಗೆ ಬಂದು ಹೇಳಿಯೂ ಬಿಟ್ಟೆ. ಮೈಕಕ್ಕ ನಕ್ಕಳು. ಅವಳು ನಕ್ಕರೆ ಕೇಸು ಮುಗಿದ ಹಾಗೆ. ಆದರೆ ನಗು ಅರ್ಧಕ್ಕೇ ನಿಂತಿತು.

"ನಾಳೆ ಮೂರಕ್ಕೆ ಮಾಸ್ತರಮ್ಮ, ಅವರ ಮಗಳು, ಮ್ಯಾನೇಜರು, ಎಲ್ಲರೂ ಹಿಂದಿನ ಸಾಲಲ್ಲಿ ಇರ್ಬೇಕು. ಆಪರೇಟರಿಗೆ ಮಾತ್ರ ಏನೂ ಹೇಳ್ಬೇಡ," ಎಂದಳು. "ನಿನ್ನ ಜೇಬಿನ ಡಬ್ಬೀನೂ ತಾ."

ಆ ಡಬ್ಬಿಯ ಕಥೆ ಇಷ್ಟೇ. ನನ್ನ ಹೆಂಡತಿ ಹೋಗಿ ಆರು ವರ್ಷ. ಮಂತ್ರಿಗಳ ಭಾಷಣ, ಮಕ್ಕಳ ಪದ್ಯ, ಯಾರ ಯಾರದೋ ಬೀಳ್ಕೊಡುಗೆ, ಊರಿನವರ ದನಿಯನ್ನೆಲ್ಲ ಹಿಡಿದಿಟ್ಟ ನಾನು ಮನೆಯಲ್ಲಿ ಅವಳದೊಂದು "ಕೈ ತೊಳ್ಕೊಂಡು ಬನ್ನಿ" ಎಂಬುದನ್ನು ಹಿಡಿದಿಡಲಿಲ್ಲ. ದಿನಾ ಕೇಳುವ ದನಿಗೆ ಯಾರು ಮೈಕು ಹಿಡಿಯುತ್ತಾರೆ? ಈಗ ಅವಳ ಮುಖ ನೆನಪಿದೆ, ಮಾತು ನೆನಪಿದೆ, ದನಿ ಮಾತ್ರ ವರ್ಷವರ್ಷಕ್ಕೂ ದೂರ ಹೋಗುತ್ತಿದೆ. ಬೇಕಾದ ದನಿಯೇ ಇಲ್ಲದ ಮೇಲೆ ಬೇಡದ್ದನ್ನೆಲ್ಲ ಸ್ಪಷ್ಟವಾಗಿ ಕೇಳಿ ಏನಾಗಬೇಕು ಎಂದು ಯಂತ್ರವನ್ನು ಜೇಬಿಗೆ ಹಾಕಿದ್ದೆ. ಇದನ್ನು ಮೈಕಕ್ಕನಿಗೆ ಎಂದೂ ಹೇಳಿರಲಿಲ್ಲ. ಅವಳಿಗೆ ಗೊತ್ತಿತ್ತು ಅನ್ನುವುದು ಬೇರೆ ಮಾತು.

ಗುರುವಾರ ಮೂರಕ್ಕೆ ಹತ್ತು ನಿಮಿಷವಿರುವಾಗ ನಾವು ಐದು ಜನ ಹಿಂದಿನ ಸಾಲಿನಲ್ಲಿ ಕೂತೆವು. ಮಾಸ್ತರಮ್ಮನ ಮಗಳು ಹಲ್ಲಿನ ಡಾಕ್ಟರು, ಚಿಕಿತ್ಸಾಲಯದಿಂದ ನೇರ ಓಡಿಬಂದಿದ್ದರು. ಕಣ್ಣ ಕೆಳಗೆ ನಿದ್ದೆಗೆಟ್ಟ ಕಪ್ಪು.

"ನೋಡಿ, ಇಂಥದಕ್ಕೆಲ್ಲ ಉತ್ತೇಜನ ಕೊಡ್ಬೇಡಿ," ಎಂದು ಮೈಕಕ್ಕನಿಗೆ ಪಿಸುಗುಟ್ಟಿದರು. "ನನಗೇನು ಅಮ್ಮನನ್ನ ಕಳಿಸೋ ಆಸೆಯಾ? ದಿನವಿಡೀ ಮನೇಲಿ ಒಬ್ರೇ. ಒಲೆ ಹಚ್ಚಿಟ್ಟು ಯಾವುದೋ ದನಿ ಹಿಂದೆ ಹೋಗಿಬಿಟ್ರೆ? ಆ ಟೇಪಾದ್ರೂ ಸಿಕ್ಕಿದ್ರೆ ಮನೇಲೇ ಕೇಳಿಸಿ ಭ್ರಮೆ ಬಿಡಿಸೋಣ ಅಂತಿದ್ದೆ. ಅದೂ ಸಿಕ್ಕಲಿಲ್ಲ."

ಮಗಳೇ ಟೇಪು ತೆಗೆದಿರಬೇಕೆಂಬ ನನ್ನ ಅನುಮಾನ ಅಲ್ಲಿಗೆ ನೆಲ ಕಚ್ಚಿತು.

"ಐದು ನಿಮಿಷ ನಾನು ಹೇಳಿದ ಹಾಗೆ ಕೇಳಿ," ಎಂದ ಮೈಕಕ್ಕ ನನ್ನ ಕಿವಿಯಂತ್ರವನ್ನು ಸ್ಪಿರಿಟ್ಟಿನಲ್ಲಿ ಎರಡೆರಡು ಸಲ ಒರೆಸಿ, ಗುಂಡಿ ಒತ್ತಿ, ಮಗಳ ಕಿವಿಗೆ ಸಿಕ್ಕಿಸಿದಳು. "ಹೊಸದೇ. ಇದರ ಯಜಮಾನರು ಒಂದು ದಿನಾನೂ ಹಾಕ್ಕೊಂಡಿಲ್ಲ."

ಗಾಜಿನ ಗೂಡಿನೊಳಗೆ ಆಪರೇಟರ ನೆರಳು ಕಂಡಿತು. ವೇದಿಕೆ ಖಾಲಿ, ಸ್ಪೀಕರುಗಳು ಮೌನ. ನನಗಂತೂ ಫ್ಯಾನಿನ ಸದ್ದು ಬಿಟ್ಟರೆ ಏನೂ ಇಲ್ಲ. ಮ್ಯಾನೇಜರು ಗಡಿಯಾರ ನೋಡಿಕೊಂಡರು.

ಮಗಳು ಒಮ್ಮೆಲೇ ಬೆನ್ನು ನೆಟ್ಟಗೆ ಮಾಡಿದರು. ಪಕ್ಕದಲ್ಲಿ ಮಾಸ್ತರಮ್ಮ, ಎಷ್ಟೋ ಗುರುವಾರಗಳ ರೂಢಿಯಂತೆ, ಬಲಗೈ ಎತ್ತಿದರು. ಮಗಳು ಅಮ್ಮನ ಕೈಯನ್ನು ನೋಡಿದರು, ಖಾಲಿ ವೇದಿಕೆಯನ್ನು ನೋಡಿದರು. ಆಮೇಲೆ ತಾವೂ ಕೈ ಎತ್ತಿದರು.

"ಕೈ ಕಂಡ್ತು ಅಂದ್ರು," ಎಂದರು ಮಗಳು, ಮಕ್ಕಳು ಅಳುವ ಹಾಗೆ ಅಳುತ್ತ. "ಅಮ್ಮಾ, ಅಪ್ಪ ಕಣೇ. ಅಪ್ಪನೇ."

ಮಾಸ್ತರಮ್ಮ ಅಳಲಿಲ್ಲ. ಎತ್ತಿದ ಕೈಯನ್ನು ಇಳಿಸಿ ಮಗಳ ತಲೆಯ ಮೇಲಿಟ್ಟರು.

ಮೈಕಕ್ಕ ಎದ್ದುನಿಂತು ಗಾಜಿನ ಗೂಡಿನ ಕಡೆ ಕೈ ಬೀಸಿ ಕರೆದಳು. ಆಪರೇಟರು ಹೆಡ್‌ಫೋನನ್ನು ಕುತ್ತಿಗೆಯಲ್ಲಿ ಬಿಟ್ಟುಕೊಂಡೇ ಇಳಿದು ಬಂದರು. ನಮ್ಮನ್ನೆಲ್ಲ ಒಟ್ಟಿಗೆ ಕಂಡು ಮೆಟ್ಟಿಲ ಹತ್ತಿರವೇ ನಿಂತರು.

"ಸುರುಳಿ ನಿಮ್ಮ ಹತ್ರ ಇದೆ," ಎಂದಳು ಮೈಕಕ್ಕ. "ಹೇಗೆ ಗೊತ್ತಾಯ್ತು ಅಂತ ಎಲ್ಲರಿಗೂ ಹೇಳ್ಬೇಕು, ಯಾಕಂದ್ರೆ ಈ ಅಮ್ಮನ ತಲೆ ನೆಟ್ಟಗಿದೆ ಅನ್ನೋದೂ ಅದರಲ್ಲೇ ಇದೆ."

ಅವಳು ಮುಂದಿನ ಸಾಲಿನ ಕುರ್ಚಿಯ ಬೆನ್ನಿಗೆ ಒರಗಿ ಹೇಳತೊಡಗಿದಳು. "ಮೊದಲನೇದು, ಕೆಮ್ಮು. ಸತ್ತವರು ಮಾತಾಡಿದ್ರೂ ಆಡಬಹುದು, ನನಗೆ ಗೊತ್ತಿಲ್ಲ. ಆದ್ರೆ ಪ್ರತಿ ಗುರುವಾರ ಅದೇ ಜಾಗದಲ್ಲಿ ಕೆಮ್ಮೋದು ಟೇಪು ಮಾತ್ರ. ಹಾಗಂತ ಇದು ಈ ಅಮ್ಮನ ನೆನಪೂ ಅಲ್ಲ. ನೆನಪಾಗಿದ್ರೆ ಗೊತ್ತಿರೋ ಮಾತೇ ಬರ್ತಿತ್ತು. 'ಅವನ ಕೈ ಹದವಾಗಿದೆ' ಅನ್ನೋದನ್ನ ಇವರು ಹಿಂದೆ ಕೇಳಿದ್ದೇ ಇಲ್ಲ. ಮಾಸ್ತರು ಸ್ಪೀಕರ್ ಮುಚ್ಚಿದ ಮೇಲೆ ಟೇಪಿಗೆ ಮಾತ್ರ ಹೇಳಿದ ಮಾತದು. ಅಂದ್ರೆ ಇವರು ನಿಜವಾಗ್ಲೂ ಕೇಳ್ತಿದಾರೆ."

"ಸರಿ, ಯಾರ ಹತ್ರ?" ಎಂದರು ಮ್ಯಾನೇಜರು.

"ಸುರುಳಿ ಕದ್ರೆ ಸಾಲದು, ಓಡಿಸೋ ಯಂತ್ರ ಬೇಕು. ಹತ್ತು ವರ್ಷದಿಂದ ಸತ್ತಿದೆ ಅಂದ ಯಂತ್ರದ ಮುಚ್ಚಳದ ಮೇಲೆ ಚೂರೂ ಧೂಳಿರ್ಲಿಲ್ಲ. ಕಸದ ಬುಟ್ಟೀಲಿ ಹತ್ತಿಕಡ್ಡಿ, ಕಂದು ಬಣ್ಣ. ನಮ್ಮವನು ಅದನ್ನ ಕಿವಿ ಕೊಳೆ ಅಂದ." ಎಲ್ಲರೂ ನನ್ನ ಕಡೆ ನೋಡಿದರು. "ಹಳೇ ಟೇಪು ಓಡಿದ್ರೆ ಅದನ್ನ ಓದೋ ಯಂತ್ರದ ತಲೆಗೆ ಕಂದು ಪುಡಿ ಮೆತ್ತುತ್ತೆ. ಅದನ್ನ ಸ್ಪಿರಿಟ್ಟಲ್ಲಿ ಒರೆಸೋದು ಕಲಿತವರ ಕೆಲಸ. ಕಳ್ಳ ಟೇಪನ್ನ ಅಷ್ಟು ಜೋಪಾನ ಮಾಡಲ್ಲ, ಪ್ರೀತಿ ಇರೋನು ಮಾಡ್ತಾನೆ. ಇನ್ನೊಂದು, ಕೋರ್ಟಿನ ರೆಕಾರ್ಡಿಂಗು ಕೇಳಿ ಕೇಳಿ ನನಗೊಂದು ಗೊತ್ತು. ಸುಳ್ಳು ಹೇಳೋರು ಮೈಕಿನಿಂದ ನಾಲ್ಕು ಬೆರಳು ಹಿಂದೆ ಸರೀತಾರೆ. ಇವರು ಕುರ್ಚೀನೇ ಸರಿಸಿದ್ರು."

ಆಪರೇಟರು ತಲೆ ತಗ್ಗಿಸಿದರು. "ಆದ್ರೆ ನಾನು ಹೆಡ್‌ಫೋನಲ್ಲಿ ಕೇಳ್ತಿದ್ದೆ ಅಕ್ಕ. ಒಬ್ಬನೇ, ಕಣ್ಣು ಮುಚ್ಚಿ. ಅಮ್ಮನಿಗೆ ಹೇಗೆ..."

"ಅಲ್ಲೇ ನಿಮ್ಮ ತಪ್ಪು. ಹೊಸ ಮೇಜು ಜೋಡಿಸಿದವರು ಯಾರು?"

"ನಾನೇ."

"ನೆಲದ ತಂತಿಯ ಕೇಬಲ್ ಎಲ್ಲಿಗೆ ಚುಚ್ಚಿದ್ರಿ?"

"ಆವತ್ತು ಮೇಜಿನ ಹಿಂದೆ ಕೇಬಲ್ ಚುಚ್ಚೋ ತೂತು ಸಾಲಲಿಲ್ಲ... ತಾತ್ಕಾಲಿಕವಾಗಿ ಹೆಡ್‌ಫೋನಿನ ದಾರಿಗೆ..." ಆಪರೇಟರು ಹಣೆ ಚಚ್ಚಿಕೊಂಡರು.

"ತಾತ್ಕಾಲಿಕ ಅಂತ ಚುಚ್ಚಿದ ಕೇಬಲ್ ನಮ್ಮ ಕಸುಬಲ್ಲಿ ಮೊಮ್ಮಕ್ಕಳ ಕಾಲಕ್ಕೂ ಇರುತ್ತೆ," ಎಂದಳು ಮೈಕಕ್ಕ. "ಅಂಚೆಯವರ ದೂರೇ ಸಾಕ್ಷಿ. ಕಾರ್ಯಕ್ರಮದ ಮಧ್ಯೆ ಇವರು ಒಂದೊಂದೇ ಮೈಕನ್ನ ಹೆಡ್‌ಫೋನಲ್ಲಿ ಪರೀಕ್ಷೆ ಮಾಡಿದಾಗೆಲ್ಲ ಅದೇ ಅಂಚೆಯವರ ಕಿವಿಗೂ ಹೋಗಿದೆ. ಕಾಲ ಸಪ್ಪಳ, ನೀರು ಕುಡಿಯೋ ಸದ್ದು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ಇವರು ಕಿವಿ ಮುಚ್ಚಿಕೊಂಡು ಮಾಸ್ತರ ದನಿ ಕುಡೀತಿದ್ರು. ಅಷ್ಟು ಹೊತ್ತಿಗೆ ಹಾಲಲ್ಲಿ ಕಿವಿಯಂತ್ರ ಹಾಕ್ಕೊಂಡು ಇರ್ತಿದ್ದೋರು ಈ ಅಮ್ಮ ಒಬ್ರೇ."

ಉತ್ತರ ಹುಡುಕಿ ಎರಡು ದಿನ ಅಲೆದ ನನ್ನ ಜೇಬಿನಲ್ಲೇ ಉತ್ತರವಿತ್ತು. ಕಂಕುಳಲ್ಲಿ ಮಗು ಇಟ್ಟುಕೊಂಡು ಊರೆಲ್ಲ ಹುಡುಕುವುದು ಎಂದರೆ ಇದೇ.

"ಗುಜರಿಗೆ ಹೋಗುತ್ತೆ ಅಂತ ಹೆದರಿ ತೆಗ್ದೆ," ಎಂದರು ಆಪರೇಟರು ಮಾಸ್ತರಮ್ಮನಿಗೆ. "ನಿಮಗೆ ಎತ್ತಿಟ್ಟಿದ್ದು ಅಂತ ಆಮೇಲೆ ಗೊತ್ತಾಯ್ತು. ಅಷ್ಟರಲ್ಲಿ ಕೇಳಿಬಿಟ್ಟಿದ್ದೆ. ಕೊಡೋಕೆ ಆಗ್ಲಿಲ್ಲ. ಅವರ ಕೊನೇ ದಿನ ನಾನು ಜಗಳ ಆಡ್ಕೊಂಡು ಕೆಲಸಕ್ಕೆ ಬರ್ಲಿಲ್ಲ ಅಮ್ಮಾ. ಹದಿನೈದು ವರ್ಷ ಒಂದು ಸಲಾನೂ 'ಚೆನ್ನಾಗಿದೆ' ಅಂದೋರಲ್ಲ ಅವರು. ಆ ಟೇಪಿನ ಕೊನೇ ಮಾತು ನನ್ನ ಬಗ್ಗೆ. ವಾರಕ್ಕೊಂದು ಸಲ ಅದನ್ನ ಕೇಳ್ದೇ ಮೇಜು ಮುಟ್ಟೋಕೆ ಕೈ ಬರ್ತಿರ್ಲಿಲ್ಲ. ನಿಮಗೆ ಹೀಗಾಗಿದೆ ಅಂತ ದೇವರಾಣೆ ಗೊತ್ತಿರ್ಲಿಲ್ಲ."

ಮಾಸ್ತರಮ್ಮನ ಬುದ್ಧಿ ನೆಟ್ಟಗಿದೆಯೆಂದು ರುಜುವಾತಾಗಿತ್ತು, ಆದರೆ ಮುಖದಲ್ಲಿ ಗೆದ್ದ ಕಳೆ ಇರಲಿಲ್ಲ.

"ಹಾಗಾದ್ರೆ," ಎಂದರು ಅವರು, "ಅವರು ನನ್ನ ಕೈ ನೋಡಿದ್ದಲ್ಲ."

ಮೈಕಕ್ಕ ಅವರ ಪಕ್ಕದಲ್ಲಿ ಬಂದು ಕೂತಳು. "ಟೇಪು ಹಿಡಿದ ದಿನ ಆಪರೇಟರು ಬಂದಿರ್ಲಿಲ್ಲ. ಹಿಂದಿನ ಸಾಲಲ್ಲಿ ಯಾರು ಕೂತಿದ್ರು?"

"ನಾನೇ."

"ಮತ್ತೆ 'ಕೈ ಕಂಡ್ತು' ಅಂತ ಅವರಂದದ್ದು ಯಾರ ಕೈಗೆ?"

ಮಾಸ್ತರಮ್ಮ ತಮ್ಮ ಬಲಗೈಯನ್ನು ಮಡಿಲಲ್ಲಿ ಬಿಡಿಸಿ ನೋಡಿಕೊಂಡರು. ಆಗ ಅತ್ತರು. ಮಗಳು ಶನಿವಾರದ ಮಾತನ್ನು ಎತ್ತಲಿಲ್ಲ. ಫೋನ್ ತೆಗೆದು ಹೊರಗೆ ಹೋಗಿ, ಆರೈಕೆ ಮನೆಗೆ ಬೇಡವೆಂದು ಹೇಳಿ ಬಂದರು.

ಆಪರೇಟರು ಸುರುಳಿಯನ್ನು ತಂದು ಎರಡೂ ಕೈಯಲ್ಲಿ ನೀಡಿದರು. ಮಾಸ್ತರಮ್ಮ ಅದನ್ನು ತಾವು ತಂದಿದ್ದ ಖಾಲಿ ಡಬ್ಬಿಗೆ ಹಾಕಿ, ಮುಚ್ಚಿ, ಅವರ ಕೈಗೇ ತಿರುಗಿ ಕೊಟ್ಟರು. "ಮನೇಲಿ ಓಡಿಸೋಕೆ ಏನಿದೆ? ಇಲ್ಲೇ ಇರ್ಲಿ. ಕೇಳೋವಾಗ ನನ್ನನ್ನ ಕರೀರಿ, ಕದ್ದು ಕೇಳ್ಬೇಡಿ. ಅಂಚೆಯವರ ಕೇಬಲ್ ಸರಿಮಾಡಿ ಮೊದಲು."

ಮುಂದಿನ ಗುರುವಾರ ಮೂರಕ್ಕೆ ನಾನೂ ಹೋಗಿ ಹಿಂದಿನ ಸಾಲಿನಲ್ಲಿ ಕೂತೆ, ಕಿವಿಗೆ ಯಂತ್ರ ಸಿಕ್ಕಿಸಿಕೊಂಡು. ಕುರ್ಚಿಯ ಕಿರುಗುಟ್ಟು, ಮಾಸ್ತರಮ್ಮನ ಬಳೆ, ಅವರ ಮಗಳು ಚೀಲದಲ್ಲಿ ಏನೋ ಹುಡುಕುವ ಸದ್ದು, ಎಲ್ಲ ಬಂದವು. ನನಗೆ ಬೇಕಾದದ್ದು ಬರಲಿಲ್ಲ. ಬರುವುದಿಲ್ಲವೆಂದು ಗೊತ್ತಿದ್ದೂ ಒಂದು ಕ್ಷಣ ಕಾದೆ, ಸುಳ್ಳೇಕೆ ಹೇಳಲಿ. ಮೈಕಕ್ಕ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

ಆಪರೇಟರು ವೇದಿಕೆಯ ಮೈಕಿನ ಮುಂದೆ ನಿಂತರು. "ಒಂದು, ಎರಡು, ಮೂರು," ಎಂದರು. "ಹಿಂದಿನ ಸಾಲು, ಕೇಳಿಸ್ತಾ?"

ಮಾಸ್ತರಮ್ಮ ಕೈ ಎತ್ತಿದರು. ಮಗಳು ಎತ್ತಿದರು. ಯಾರೂ ಹೇಳದಿದ್ದರೂ ನಾನೂ ಎತ್ತಿದೆ.

ಆಪರೇಟರು ಹಣೆಗೆ ಕೈ ಅಡ್ಡ ಹಿಡಿದು ದೀಪದ ಬೆಳಕಿನಾಚೆಗೆ ನಮ್ಮ ಕಡೆ ನೋಡಿದರು. "ಮೂರು ಕೈ ಕಂಡ್ವು," ಎಂದರು.